ಇಂಜಿನ್ ಮನೆ, ಮೋಟಾರ್ ಮನೆ

ತಳ್ಳುಗಾಡಿಯ ಮುಂದಿನ ಚಕ್ರ ಚರಂಡಿಯ ಕಲ್ಲಿಗೆ ಸಿಕ್ಕಿಕೊಂಡಿತು. ಇಂಜಿನ್ ನನ್ನ ಕಡೆಗೆ ವಾಲಿತು. ನಾನು ಎದೆ ಕೊಟ್ಟು ತಡೆದೆ. ಹಿಂದಿನಿಂದ ತಳ್ಳುತ್ತಿದ್ದ ಕಸ್ತೂರಿ, “ಬಿಡಬ್ಯಾಡ. ಬಿಟ್ರ ನಿನ್ನ ಕಾಲಷ್ಟ ಅಲ್ಲ, ನಮ್ಮ ಲಗ್ನಾನೂ ಮುರೀತೈತಿ” ಎಂದಳು.

“ಲಗ್ನ ಆಮ್ಯಾಲ ನೋಡೂಣು, ಮೊದಲ ಅದನ್ನ ನೆಟ್ಟಗ ಹಿಡೀರಿ,” ಎಂದು ನಮ್ಮವ್ವ ಗದರಿದಳು. ಅವಳು ಡೀಸೆಲ್ ಡಬ್ಬಿಯನ್ನು ಕೂಸಿನ ಹಾಗೆ ಸೊಂಟದ ಮೇಲಿಟ್ಟುಕೊಂಡು ಗಾಡಿಯ ಪಕ್ಕದಲ್ಲೇ ನಡೆಯುತ್ತಿದ್ದಳು. ಈ ಲಗ್ನ ಅವಳಿಗೆ ಬೇಕೋ ಬೇಡವೋ ನನಗೆ ಆ ಹೊತ್ತಿಗೂ ಗೊತ್ತಿರಲಿಲ್ಲ. ಆದರೆ ನಮ್ಮ ಮನೆಯ ಇಂಜಿನ್ ಹಸಿದ ಹೊಟ್ಟೆಯಲ್ಲಿ ಊರ ಮುಂದೆ ನಿಲ್ಲುವುದು ಮಾತ್ರ ಅವಳಿಗೆ ಬೇಡವಾಗಿತ್ತು. ಇಂಜಿನ್ನಿನ ಪಕ್ಕದಲ್ಲಿ, ಕಸ್ತೂರಿಯ ಹಳೆಯ ಶಾಲಿನಲ್ಲಿ ಸುತ್ತಿದ ಮೋಟಾರ್ ಸುಮ್ಮನೆ ಮಲಗಿತ್ತು. ಅವಳು ಅದರ ತಂತಿ ಬಿಚ್ಚಿ, ಹೊಸದಾಗಿ ಸುತ್ತಿ, ಮೇಲಿನ ಕವಚಕ್ಕೆ ಹಸಿರು ಬಣ್ಣ ಹಚ್ಚಿದ್ದಳು. ಬಣ್ಣ ಇನ್ನೂ ಪೂರಾ ಒಣಗಿರಲಿಲ್ಲವಾದ್ದರಿಂದ ಶಾಲಿನ ನೂಲು ಅಲ್ಲಲ್ಲಿ ಅಂಟಿಕೊಂಡಿತ್ತು.

ಚಾವಡಿ ಇನ್ನೂ ಒಂದು ಓಣಿಯಾಚೆ ಇತ್ತು. ಅಲ್ಲಿ ಊರೆಲ್ಲ ಆಗಲೇ ಸೇರಿತ್ತು. ಊರು ಇವತ್ತು ನಗದಿದ್ದರೆ ಕಸ್ತೂರಿ ಜೀವಮಾನವಿಡೀ ನನ್ನ ತಂಗಿಯಾಗಿಯೇ ಉಳಿಯುತ್ತಿದ್ದಳು.

ನಮ್ಮೂರಿನಲ್ಲಿ ಪ್ರತಿ ಮನೆಯೂ ಒಂದೊಂದು ಪದದ ಮನೆ. ಬಾಗಿಲ ಮೇಲೆ ಮರದ ಹಲಗೆಯಲ್ಲಿ ಅದನ್ನು ಕೆತ್ತಿರುತ್ತಾರೆ. ನಮ್ಮದು ಇಂಜಿನ್ ಮನೆ. ನಾನು ಇಂಜಿನ್ ಫಕೀರೇಶ, ನಮ್ಮವ್ವ ಇಂಜಿನ್ ಬಸಲಿಂಗವ್ವ. ಎದುರಿಗೆ ಮೋಟಾರ್ ಮನೆ, ಅಲ್ಲಿ ಅಡಿವೆಪ್ಪ ಕಾಕಾ ಮತ್ತು ಅವನ ಒಬ್ಬಳೇ ಮಗಳು ಕಸ್ತೂರಿ. ಪದಗಳು ಬೇರೆಯಾಗಿದ್ದು ಅರ್ಥ ಒಂದೇ ಆಗಿದ್ದರೆ ಆ ಎರಡು ಮನೆಗಳು ಅಣ್ಣತಮ್ಮಂದಿರದು. ಅವರು ಒಟ್ಟಿಗೆ ಹಬ್ಬ ಮಾಡುತ್ತಾರೆ, ಒಬ್ಬರ ಸೂತಕ ಇನ್ನೊಬ್ಬರು ಹಿಡಿಯುತ್ತಾರೆ, ಒಬ್ಬರ ಹಿತ್ತಲಿನ ಕರಿಬೇವನ್ನು ಇನ್ನೊಬ್ಬರು ಕೇಳದೆ ಕೀಳುತ್ತಾರೆ. ಆದರೆ ಹೆಣ್ಣು ಕೊಟ್ಟು ತರುವ ಹಾಗಿಲ್ಲ. ಆದ್ದರಿಂದ ನಮ್ಮಲ್ಲಿ ತಾಯಂದಿರು ವಯಸ್ಸಿಗೆ ಬಂದ ಗಂಡುಮಕ್ಕಳನ್ನು ಕೂರಿಸಿಕೊಂಡು, ಯಾವ ಓಣಿಯಲ್ಲಿ ತಲೆಯೆತ್ತಿ ನಡೆಯಬಹುದು, ಯಾವ ಓಣಿಯಲ್ಲಿ ತಗ್ಗಿಸಿ ನಡೆಯಬೇಕು ಎಂದು ಹೇಳಿಕೊಡುತ್ತಾರೆ. ಹುಡುಗರು ಮಾತಾಡಿಸುವ ಮೊದಲು ಬಾಗಿಲ ಹಲಗೆ ಓದುತ್ತಾರೆ. ಕುರ್ಚಿ ಮನೆಯ ಹುಡುಗ ಸ್ಟೂಲ್ ಮನೆಯ ಹುಡುಗಿಯನ್ನು ಮೆಚ್ಚಿದಾಗ ಊರು ಗಾಬರಿಯಾಗಿತ್ತು. ಕೊನೆಗೆ ‘ಅಜ್ಜ ಕುರ್ಚಿಗೆ ಆನಿಕೊಂಡು ನಿದ್ದೆ ಹೋದ’ ಎಂಬ ಮಾತು ಅವರಿಬ್ಬರನ್ನು ಉಳಿಸಿತು. ಕುರ್ಚಿಯ ಜಾಗದಲ್ಲಿ ಸ್ಟೂಲ್ ಇಟ್ಟು ಹೇಳಿದ್ದೇ ತಡ, ಅಜ್ಜ ಹಿಂದಕ್ಕೆ ಮಗುಚಿ ಬಿದ್ದದ್ದು ಎಲ್ಲರ ಕಣ್ಣಿಗೂ ಕಟ್ಟಿ ಊರು ಹೊಟ್ಟೆ ಹಿಡಿದು ನಕ್ಕಿತ್ತು. ನಕ್ಕರೆ ಅರ್ಥ ಬೇರೆ, ನಗದಿದ್ದರೆ ಒಂದೇ. ನಮ್ಮ ಊರಿನ ಪರೀಕ್ಷೆ ಇಷ್ಟೇ.

ದಾರಿ ಮನೆಯ ಸಂಗನಬಸಜ್ಜ ಮತ್ತು ರಸ್ತೆ ಮನೆಯ ತೋಟವ್ವಜ್ಜಿಗೆ ಅಂಥ ಅದೃಷ್ಟ ಬರಲಿಲ್ಲ. ಅವರ ಕಾಲದಲ್ಲಿ ಊರು ನಗಲಿಲ್ಲ. ಈಗಲೂ ಇಬ್ಬರೂ ದಿನಾ ಸಂಜೆ ಕೆರೆಯ ಏರಿಯ ಮೇಲೆ ಅಣ್ಣತಂಗಿಯ ಹಾಗೆ, ನಡುವೆ ಒಂದು ಆಳು ನಿಲ್ಲುವಷ್ಟು ಜಾಗ ಬಿಟ್ಟು, ಅಡ್ಡಾಡುತ್ತಾರೆ. ಕಸ್ತೂರಿ ಒಮ್ಮೆ ನನಗೆ ಅವರನ್ನು ತೋರಿಸಿ, “ನಾ ಹಂಗ ಅಡ್ಡಾಡಾಕ ಒಲ್ಲೆ. ನನಗ ಮೊಣಕಾಲು ನೋವು” ಎಂದಿದ್ದಳು. ಅವಳಿಗೆ ಮೊಣಕಾಲು ನೋವು ಇರಲಿಲ್ಲ.

ಅವಳು ನನ್ನನ್ನು ಅಣ್ಣ ಎನ್ನುವುದನ್ನು ಬಿಟ್ಟು ಆಗಲೇ ಬಹಳ ದಿನವಾಗಿತ್ತು. ಮೊದಲು ‘ಫಕೀರಣ್ಣ’ ಇದ್ದದ್ದು ‘ಏ’ ಆಯಿತು, ಆಮೇಲೆ ‘ಇಲ್ಲಿ ಕೇಳಿಲ್ಲಿ’ ಆಯಿತು. ಒಂದು ದಿನ ನಮ್ಮ ಇಂಜಿನ್ನಿನ ಬೆಲ್ಟು ಹರಿದು ನಾನು ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಅವಳು ಬಂದು ಬೆಲ್ಟನ್ನು ಹೊಲಿದು ಹಾಕಿಕೊಟ್ಟು, ಕೈಯ ಮಸಿಯನ್ನು ನನ್ನ ಅಂಗಿಗೆ ಒರೆಸಿ ಹೋದಳು. ಆ ಅಂಗಿಯನ್ನು ಒಗೆಯಲು ಹಾಕದಿರುವುದನ್ನು ನೋಡಿ ಅವ್ವನಿಗೆ ವಿಷಯ ತಿಳಿಯಿತು. ಅಡಿವೆಪ್ಪ ಕಾಕಾನಿಗೆ ಊರಿನಿಂದ ತಿಳಿಯಿತು.

ಕಾಕಾ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ನಮ್ಮಪ್ಪ ತೀರಿಕೊಂಡಾಗ ಹೆಗಲು ಕೊಟ್ಟವನು ಅವನು. ಅಂದಿನಿಂದ ಪ್ರತಿ ಪಂಚಮಿಗೆ ಅವ್ವನಿಗೆ ಸೀರೆ ತಂದವನು, ನನಗೆ ಹ್ಯಾಂಡಲ್ ಹೊಡೆದು ಇಂಜಿನ್ ಚಾಲೂ ಮಾಡುವುದನ್ನು ಕಲಿಸಿದವನು. ಅವನು ನಮ್ಮ ಕಟ್ಟೆಯ ಮೇಲೆ ಕೂತು ಅವ್ವನಿಗೆ ಒಂದೇ ಮಾತು ಹೇಳಿದ: “ವೈನಿ, ಎರಡೂ ಬ್ಯಾರೆ ಅಂತ ಆತಂದ್ರ, ಇಷ್ಟ ವರ್ಷ ನಾ ನಿಮ್ಮ ಮನಿಗೆ ಯಾರಾಗಿದ್ದೆ?” ಅವ್ವ ಅದಕ್ಕೆ ಉತ್ತರ ಕೊಡದೆ ಚಹಾ ಕೊಟ್ಟಳು. ಕಾಕಾ ಚಹಾ ಕುಡಿದು ಮನೆಗೆ ಹೋಗಿ, ತನ್ನ ಕಡೆಯ ನೆಂಟರಿಗೆಲ್ಲ ಚಾವಡಿಯಲ್ಲಿ ಒಬ್ಬರೂ ನಗಕೂಡದು ಎಂದು ಹೇಳಿಕಳಿಸಿದ.

ನಾವು ಗಾಡಿಯನ್ನು ಚಾವಡಿಯ ಮುಂದೆ ನಿಲ್ಲಿಸಿದಾಗ ಅವನು ಕಂಬಕ್ಕೊರಗಿ, ಕೈಕಟ್ಟಿ, ಮುಖವನ್ನು ಇಸ್ತ್ರಿ ಮಾಡಿಟ್ಟುಕೊಂಡು ನಿಂತಿದ್ದ.

ಮೇಲೆ ಕಂಬಳಿಯ ಮೇಲೆ ತಕ್ಕಡಿ ನೀಲಗಂಗವ್ವ ಕೂತಿದ್ದಳು. ಅರ್ಥ ತೂಗುವುದು ಹಿಂದಿನಿಂದಲೂ ತಕ್ಕಡಿ ಮನೆಯವರ ಕೆಲಸ. ನೀಲಗಂಗವ್ವ ದಪ್ಪ ಕನ್ನಡಕದ, ಬಾಯಿತುಂಬ ಎಲೆಯಡಿಕೆಯ ಹೆಂಗಸು. ಸುಳ್ಳು ನಗು ಯಾವುದು, ನಿಜದ ನಗು ಯಾವುದು ಎಂದು ಕಣ್ಣುಮುಚ್ಚಿಕೊಂಡೇ ಹೇಳಬಲ್ಲಳು. ಅವಳ ಪಕ್ಕದ ತಟ್ಟೆಯಲ್ಲಿ ಒಂದು ಬೆಲ್ಲದ ಹೆಂಟೆ ಇತ್ತು. ಅರ್ಥ ಬೇರೆ ಎಂದಾದರೆ ಹುಡುಗಿಗೆ ಅಲ್ಲೇ ಆ ಬೆಲ್ಲ ತಿನ್ನಿಸುತ್ತಾರೆ. ಅವಳು ಬೆಲ್ಲ ತಿಂದು ಗಂಡನ ಮನೆಯ ಪದ ಹೇಳಬೇಕು. ಅಲ್ಲಿಂದಾಚೆ ಅವಳು ಆ ಪದದವಳು.

“ಸುರು ಮಾಡೂಣು,” ಎಂದಳು ನೀಲಗಂಗವ್ವ. “ಬೇಕಂತ ಕಟ್ಟಿದ ಮಾತು ಬ್ಯಾಡ. ದಿನಾ ಆಡೂ ಮಾತು ಹೇಳ್ರಿ. ನಾ ಪದ ಬದಲಿ ಮಾಡ್ತೀನಿ. ನಗು ಬಂದ್ರ ನಗ್ರಿ, ಬರದಿದ್ರ ಸುಮ್ನಿರ್ರಿ. ನೆಂಟಸ್ತನ ನೋಡಿ ನಗಬ್ಯಾಡ್ರಿ.”

ಮೊದಲು ಹಾಲಿನವನು ಎದ್ದು ನಿಂತು, “ಮುಂಜಾನೆ ತ್ವಾಟದಾಗ ಮೋಟಾರ್ ಚಾಲೂ ಮಾಡಿ ಬಂದೆ” ಎಂದ. ನೀಲಗಂಗವ್ವ ಅದೇ ರಾಗದಲ್ಲಿ, “ಮುಂಜಾನೆ ತ್ವಾಟದಾಗ ಇಂಜಿನ್ ಚಾಲೂ ಮಾಡಿ ಬಂದೆ” ಎಂದಳು. ಯಾರೂ ನಗಲಿಲ್ಲ. ಇಬ್ಬರು ಹೌದೆಂದು ತಲೆಯಾಡಿಸಿದರು. ಬಾವಿಯ ನೀರು ಎತ್ತುವುದು ಎರಡರಿಂದಲೂ ಆಗುತ್ತದೆ, ಏನು ಮಾಡುವುದು.

ಅಂಬಿಗ ಎದ್ದ. “ದೋಣಿಗೆ ಹೊಸಾ ಇಂಜಿನ್ ಕೂಡಿಸೀವಿ.” ನೀಲಗಂಗವ್ವ ಅದನ್ನು ಮೋಟಾರ್ ಮಾಡಿದಳು. ನಗುವಿಲ್ಲ.

“ಗಿರಣಿ ಇಂಜಿನ್ ಕೆಟ್ಟೈತಿ, ಇವತ್ತ ಜ್ವಾಳ ಬೀಸಂಗಿಲ್ಲ,” ಎಂದ ಗಿರಣಿಯವನು.

“ಗಿರಣಿ ಮೋಟಾರ್ ಕೆಟ್ಟೈತಿ, ಇವತ್ತ ಜ್ವಾಳ ಬೀಸಂಗಿಲ್ಲ.”

ಗುಂಪಿನಲ್ಲಿ ಒಬ್ಬ ಹೆಂಗಸು ಜೋಳದ ಬುಟ್ಟಿ ಹಿಡಿದುಕೊಂಡೇ ಬಂದಿದ್ದಳು. “ಯಾವಾಗ ಕೆಟ್ಟಿತ್ರಿ? ನಿನ್ನೆ ಹೇಳಬಾರದಿತ್ತಾ?” ಎಂದು ನಿಜವಾಗಿಯೂ ಸಿಟ್ಟಾದಳು. ಅವಳಿಗೆ ಸಮಾಧಾನ ಹೇಳುವುದರಲ್ಲಿ ಸ್ವಲ್ಪ ಹೊತ್ತು ಹೋಯಿತು. ಬಟ್ಟೆ ಮಾರಲು ಬಂದಿದ್ದ ಪರವೂರಿನವನೊಬ್ಬ ಉತ್ಸಾಹದಿಂದ, “ರೈಲಿನ ಇಂಜಿನ್ ಕೂಗ್ತು” ಎಂದ. ನಾನು ಆಸೆಯಿಂದ ಕತ್ತೆತ್ತಿದೆ. ನೀಲಗಂಗವ್ವ ಕನ್ನಡಕದ ಮೇಲಿನಿಂದ ಅವನನ್ನು ನೋಡಿ, “ನಮ್ಮೂರಿಗೆ ರೈಲ ಬರಂಗಿಲ್ಲ, ಅದು ನಾವು ದಿನಾ ಆಡೂ ಮಾತಲ್ಲ. ಆ ಮಾತು ನಡಿಯಂಗಿಲ್ಲ. ನೀ ಅರಿವಿ ಮಾರು” ಎಂದಳು.

ಆಗ ದರ್ಜಿ ತಿರಕಪ್ಪ ಗಂಟಲು ಸರಿಮಾಡಿಕೊಂಡು, “ಹೊಲಿಗಿ ಮಷಿನ್‌ಗೆ ಸಣ್ಣದೊಂದು ಮೋಟಾರ್ ಹಚ್ಚೀನಿ” ಎಂದ. ನೀಲಗಂಗವ್ವ ಬದಲಿಸಿದಳು: “ಹೊಲಿಗಿ ಮಷಿನ್‌ಗೆ ಸಣ್ಣದೊಂದು ಇಂಜಿನ್ ಹಚ್ಚೀನಿ.” ಹಿಂದಿನ ಸಾಲಿನಲ್ಲಿ ಯಾರದೋ ಮೂಗಿನಿಂದ ಫುಸ್ ಎಂದು ಗಾಳಿ ಬಂತು. ಅಡಿವೆಪ್ಪ ಕಾಕಾ ನಿಧಾನಕ್ಕೆ ಆ ಕಡೆ ತಿರುಗಿದ. ಫುಸ್ ಎಂದದ್ದು ಅಲ್ಲೇ ಕೆಮ್ಮಾಗಿ ಮುಗಿಯಿತು.

“ಮೂಗಿನ ನಗು ಲೆಕ್ಕಕ್ಕಿಲ್ಲ,” ಎಂದಳು ನೀಲಗಂಗವ್ವ. ಅವಳ ಧ್ವನಿಯಲ್ಲೂ ಸ್ವಲ್ಪ ಬೇಸರವಿತ್ತು ಎಂದು ನನಗೆ ಅನ್ನಿಸಿತು. ತೋಟವ್ವಜ್ಜಿ ಅಷ್ಟು ದೂರದಿಂದ, “ನಗ್ರಲೇ, ಹಲ್ಲು ಉದುರಿ ಹೋಗಂಗಿಲ್ಲ” ಎಂದಳು. ಅವಳ ಪಕ್ಕದಲ್ಲಿ ಸಂಗನಬಸಜ್ಜ ನೆಲ ನೋಡುತ್ತ ಕೂತಿದ್ದ.

ಮಾತುಗಳು ಸಾಲದಿದ್ದರೆ ವಸ್ತು ತಂದು ತೋರಿಸುವ ಅವಕಾಶವಿದೆ. ಅದಕ್ಕೇ ನಾವು ಗಾಡಿ ತಂದಿದ್ದೆವು. ಕಸ್ತೂರಿ ಚಾವಡಿಯ ಗೋಡೆಯಿಂದ ತಂತಿ ಎಳೆದು ಮೋಟಾರಿಗೆ ಕೊಟ್ಟಳು. ಅದು ಜೇನಿನ ಹುಟ್ಟಿನ ಹಾಗೆ ಗುಂಯ್ ಎಂದು ತಿರುಗತೊಡಗಿತು. ನಾನು ಹ್ಯಾಂಡಲ್ ಹೊಡೆದೆ. ಇಂಜಿನ್ ಕೆಮ್ಮಿತು, ಉಗುಳಿತು, ಕರಿಯ ಹೊಗೆ ಬಿಟ್ಟಿತು, ಆಮೇಲೆ ಡುಬು ಡುಬು ಎಂದು ಹೊರಟಿತು. ಮುಂದಿನ ಸಾಲಿನವರು ಸೆರಗಿನಿಂದ ಮೂಗು ಮುಚ್ಚಿಕೊಂಡರು.

“ನೋಡ್ರಿ,” ಎಂದೆ ನಾನು ಸದ್ದಿನ ಮೇಲೆ ಕೂಗಿ. “ಇಂಜಿನ್ನಿಗೆ ಹೊಟ್ಟಿ ಐತಿ. ಎಣ್ಣಿ ತಿಂತೈತಿ, ಒಳಗ ಸುಡತೈತಿ, ಆ ಸುಟ್ಟದ್ದರಾಗ ತಾನ ಬಲ ಹುಟ್ಟಿಸಿಕೊಂತೈತಿ. ಮೋಟಾರಿನ ಒಳಗ ಬೆಂಕಿ ಇಲ್ಲ. ಬ್ಯಾರೆ ಕಡಿ ಹುಟ್ಟಿದ ಬಲ ತಂತ್ಯಾಗ ಬರತೈತಿ, ಅದನ್ನ ಇದು ತಿರುಗೂದಾಗಿ ಮಾಡತೈತಿ. ಎರಡೂ ತಿರುಗತಾವು ಖರೆ. ಆದ್ರ ಒಂದು ಹುಟ್ಟಿಸತೈತಿ, ಒಂದು ಇಸಕೊಂಡು ಮಾಡತೈತಿ.”

ನಾನು ಇದನ್ನು ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದೆ. ಹೇಳಿ ಮುಗಿಸುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಮೋಟಾರ್ ಇನ್ನೊಂದೆರಡು ಸುತ್ತು ಸುಮ್ಮನೆ ತಿರುಗಿ, ತೂಕಡಿಸಿ, ನಿಂತುಬಿಟ್ಟಿತು. ಇಂಜಿನ್ ಡುಬು ಡುಬು ಎನ್ನುತ್ತಲೇ ಇತ್ತು.

ಇದಕ್ಕಿಂತ ದೊಡ್ಡ ಸಾಕ್ಷಿ ಯಾವುದು ಬೇಕು ಎಂದು ನಾನು ಹಿಗ್ಗಿದೆ. ಯಾರೋ ಹಿಂದಿನಿಂದ, “ಅಂದ್ರ ಇಂಜಿನ್ ಮನಿಯವ್ರು ದುಡದು ಉಣ್ಣಾವ್ರು, ಮೋಟಾರ್ ಮನಿಯವ್ರು ಇಸಕೊಂಡು ಉಣ್ಣಾವ್ರು ಅಂದಂಗಾತು” ಎಂದರು. ಅದಕ್ಕೂ ಯಾರೂ ನಗಲಿಲ್ಲ. ಅಡಿವೆಪ್ಪ ಕಾಕಾನ ಮುಖದ ಇಸ್ತ್ರಿ ಮೊದಲ ಸಲ ಕೆಟ್ಟಿತು.

“ಇದನ್ನ ಹೇಳಾಕ ನಮ್ಮನ್ನ ಇಲ್ಲಿಗೆ ಕರಸಿದೇನಪಾ?” ಎಂದ. ಕೂಗಲಿಲ್ಲ. “ನಿಮ್ಮಪ್ಪಗ ತಮ್ಮ ಆಗಿದ್ದೆ. ಈಗ ಬಿಕನಾಸಿ ಆದೆ.”

ಕಸ್ತೂರಿ ನನ್ನನ್ನು ನೋಡಿದ ನೋಟದಲ್ಲಿ ನಾನು ಮತ್ತೆ ‘ಅಣ್ಣ’ ಆಗಿಬಿಡುತ್ತೇನೆ ಎನ್ನಿಸಿತು. ನೀಲಗಂಗವ್ವ ನಿಟ್ಟುಸಿರು ಬಿಟ್ಟು, “ನೋಡಿದ್ದಕ್ಕ ತೀರ್ಪಿಲ್ಲ, ನಕ್ಕದ್ದಕ್ಕ ತೀರ್ಪು. ಊರು ನಕ್ಕಿಲ್ಲ” ಎನ್ನುತ್ತ ಬೆಲ್ಲದ ತಟ್ಟೆಯ ಮೇಲೆ ಬಟ್ಟೆ ಮುಚ್ಚಲು ಹೊರಟಳು.

ಅಷ್ಟರಲ್ಲಿ ಇಂಜಿನ್ನಿನ ಸದ್ದು ಸಣ್ಣದಾಯಿತು. ಅವ್ವ ಡಬ್ಬಿಯ ಮುಚ್ಚಳ ತೆಗೆದು, ಯಾರ ಪರಿವೆಯೂ ಇಲ್ಲದೆ, “ಇಂಜಿನ್ನಿಗೆ ಹಸಿವ್ಯಾಗೈತಿ, ಒಂದೀಟು ಎಣ್ಣಿ ಹಾಕೂಣು” ಎಂದು ಸುರುವಿದಳು. ಅದು ಮತ್ತೆ ಜೋರಾಯಿತು. ಅವಳು ಡಬ್ಬಿಯನ್ನು ಮುಚ್ಚದೆ ಅತ್ತ ತಿರುಗಿ, ಶಾಲಿನ ಮೇಲೆ ತಂತಿಯ ಬಾಲ ಚಾಚಿಕೊಂಡು ಸುಮ್ಮನೆ ಕೂತಿದ್ದ ಹಸಿರು ಮೋಟಾರನ್ನು ನೋಡಿದಳು. ಮನೆಗೆ ಬಂದ ಇಬ್ಬರಲ್ಲಿ ಒಬ್ಬರಿಗೆ ಬಡಿಸಿ ಇನ್ನೊಬ್ಬರನ್ನು ಬಿಟ್ಟ ಹಾಗೆ ಅವಳ ಮುಖ ಸಣ್ಣದಾಯಿತು.

“ಪಾಪ, ಮೋಟಾರಿಗೂ ಹಸಿವ್ಯಾಗೈತಿ,” ಎಂದಳು, “ಒಂದೀಟು ಎಣ್ಣಿ ಹಾಕೂಣು.” ಹಾಗೆನ್ನುತ್ತ ಅದರ ಗಾಳಿಕಿಂಡಿಯೊಳಗೆ ಡೀಸೆಲ್ ಬಗ್ಗಿಸಿಯೇಬಿಟ್ಟಳು.

“ಅತ್ತೀ,” ಎಂದು ಕಸ್ತೂರಿ ಚೀರಿದಳು. ಹುಟ್ಟಿದಾಗಿನಿಂದ ಅವಳು ನಮ್ಮವ್ವನನ್ನು ದೊಡ್ಡವ್ವ ಎನ್ನುತ್ತಿದ್ದವಳು.

ಆಮೇಲೆ ಕಂಬದ ಕಡೆಯಿಂದ ಏನೋ ಕುದಿಯುವ ಸದ್ದು ಬಂತು. ಅಡಿವೆಪ್ಪ ಕಾಕಾ ತುಟಿ ಕಚ್ಚಿ ಹಿಡಿದಿದ್ದ. ಅವನ ಹೊಟ್ಟೆ ಕುಣಿಯುತ್ತಿತ್ತು. ಇಷ್ಟು ವರ್ಷ ಸಾವಿರ ಮೋಟಾರ್ ಬಿಚ್ಚಿ ಕಟ್ಟಿದ ಮನುಷ್ಯ, ಮೋಟಾರಿಗೆ ಊಟ ಬಡಿಸಿದ್ದನ್ನು ಕಂಡಿರಲಿಲ್ಲ. ಅವನು ತಡೆದ, ಮೀಸೆಯ ತುದಿ ಜಗ್ಗಿದ, ಆಕಾಶ ನೋಡಿದ. ಕೊನೆಗೆ, “ವೈನಿ, ಅದು ಏಕಾದಶಿ ಹಿಡದೈತ್ರಿ” ಎಂದವನೇ ಕಂಬ ತಬ್ಬಿಕೊಂಡು ನಕ್ಕ. ನಗುತ್ತ ನಗುತ್ತ ಕೆಳಗೆ ಕೂತ. ಅವನು ಕೂತದ್ದನ್ನು ನೋಡಿ, ನಗಬಾರದೆಂದು ಮಾತು ಕೊಟ್ಟಿದ್ದ ಅವನ ನೆಂಟರೆಲ್ಲ ಒಮ್ಮೆಲೇ ನಕ್ಕರು. ದರ್ಜಿ ತಿರಕಪ್ಪ ನಕ್ಕ, ಬುಟ್ಟಿಯ ಹೆಂಗಸು ಬುಟ್ಟಿ ಕೆಳಗಿಟ್ಟು ನಕ್ಕಳು. ತೋಟವ್ವಜ್ಜಿ ಸಂಗನಬಸಜ್ಜನ ತೊಡೆಯ ಮೇಲೆ ಹೊಡೆದು ಹೊಡೆದು ನಕ್ಕಳು. ಆಮೇಲೆ ಎಲ್ಲಿ ಹೊಡೆಯುತ್ತಿದ್ದೇನೆ ಎಂದು ನೋಡಿಕೊಂಡಳು. ಕೈ ಮಾತ್ರ ತೆಗೆಯಲಿಲ್ಲ.

ನೀಲಗಂಗವ್ವ ಕಣ್ಣುಮುಚ್ಚಿಕೊಂಡು ಆ ನಗುವನ್ನು ಪೂರಾ ಕೇಳಿದಳು. ಆಮೇಲೆ ಕಣ್ಣು ತೆರೆದು ಅವ್ವನನ್ನು ದೀರ್ಘವಾಗಿ ನೋಡಿದಳು. “ಬಸಲಿಂಗವ್ವ, ಬೇಕಂತ ಕಟ್ಟಿದ ಮಾತಲ್ಲ ಹೌದಿಲ್ಲೋ?”

“ಹಸದವರಿಗೆ ಹಾಕೂದು ನನಗ ರೂಢಿ ಐತ್ರಿ,” ಎಂದಳು ಅವ್ವ, ಡಬ್ಬಿಯ ಮುಚ್ಚಳ ತಿರುವುತ್ತ. ಅವಳಿಗೆ ನಿಜವಾಗಿ ಗೊತ್ತಿರಲಿಲ್ಲವೋ, ಗೊತ್ತಿದ್ದೇ ಮಾಡಿದಳೋ, ನಾನು ಈವರೆಗೂ ಕೇಳಿಲ್ಲ. ಕೇಳಿದರೆ ಅವಳು ಚಹಾ ಕೊಡುತ್ತಾಳೆ.

“ಪದ ಬದಲಾತು, ಊರು ನಕ್ಕಿತು,” ಎಂದಳು ನೀಲಗಂಗವ್ವ. “ಇಂಜಿನ್ ಬ್ಯಾರೆ, ಮೋಟಾರ್ ಬ್ಯಾರೆ.”

ಕಾಕಾ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ. ನಗು ಇಳಿದ ಮೇಲೆ ಅವನ ಮುಖ ಖಾಲಿ ಮನೆಯ ಹಾಗೆ ಕಂಡಿತು. ಅವ್ವ ಅವನ ಹತ್ತಿರ ಹೋಗಿ, “ಮೈದುನ ಹೋದ, ಬೀಗ ಬಂದ. ನಿನ್ನ ಊಟದ ತಾಟು ಅದ ಐತಿ, ಅದ ಗೂಟಕ್ಕ ನಿನ್ನ ಟಾವೆಲ್ಲು. ಪಂಚಮಿ ಸೀರಿ ಮಾತ್ರ ನಾ ಬಿಡಂಗಿಲ್ಲ” ಎಂದಳು. ಕಾಕಾ ಏನೋ ಹೇಳಲು ಹೋಗಿ, ಇಂಜಿನ್ನಿನ ಹೊಗೆಯ ಮೇಲೆ ತಪ್ಪು ಹೊರಿಸಿ ಕೆಮ್ಮಿದ.

“ಅಪ್ಪಾ, ಇನ್ನೊಂದು ಐತಿ,” ಎಂದಳು ಕಸ್ತೂರಿ. ಅವಳು ಅಷ್ಟು ಹೊತ್ತಿಗೆ ಮೋಟಾರಿನ ಕಿಂಡಿಗೆ ಶಾಲು ತುರುಕಿ ಡೀಸೆಲ್ ಒರೆಸಿ ಮುಗಿಸಿದ್ದಳು. ನಮ್ಮ ಮನೆಯ ಆ ಹೊಲಿದ ಬೆಲ್ಟನ್ನು ಇಂಜಿನ್ನಿನ ಗಾಲಿಯಿಂದ ಮೋಟಾರಿನ ಗಾಲಿಗೆ ಏರಿಸಿದಳು. ಇಂಜಿನ್ ಮೋಟಾರನ್ನು ತಿರುಗಿಸತೊಡಗಿತು. ಕರೆಂಟು ಇನ್ನೂ ಬಂದಿರಲಿಲ್ಲ. ಅವಳು ಗೋಡೆಯಿಂದ ಬಿಡಿಸಿದ ತಂತಿಯ ತುದಿಯನ್ನು ಒಂದು ಬಲ್ಬಿಗೆ ಕೊಟ್ಟಳು. ಬಲ್ಬು ಮೊದಲು ಕೆಂಪಗೆ, ಆಮೇಲೆ ಹಳದಿಯಾಗಿ, ಆಮೇಲೆ ನೋಡಲಾಗದಷ್ಟು ಬೆಳ್ಳಗೆ ಉರಿಯಿತು.

“ಇಸಕೊಂಡದ್ದನ್ನ ಇದು ಹೊಳ್ಳಿ ಕೊಡತೈತಿ, ಬೆಳಕು ಮಾಡಿ ಕೊಡತೈತಿ,” ಎಂದಳು. “ಇಂಜಿನ್ನನ್ನ ಹಿಂಗ ತಿರುವಿ ನೋಡ್ರಿ, ಏನ್ ಕೊಡತೈತಿ? ಬರೇ ಬೆನ್ನ ನೋವು.”

ಊರು ಎರಡನೇ ಸಲ ನಕ್ಕಿತು. ಈ ಸಲ ನನ್ನನ್ನು ನೋಡಿ ನಕ್ಕಿತು. ನನಗೆ ಬೇಜಾರಾಗಲಿಲ್ಲ. ಕಾಕಾ, ಅಂದರೆ ಮಾವ, ಎದ್ದು ಬಲ್ಬನ್ನೇ ನೋಡುತ್ತ ನಿಂತಿದ್ದ. ಅವನ ಬೆನ್ನು ನೆಟ್ಟಗಾಗಿತ್ತು.

ನೀಲಗಂಗವ್ವ ಎದ್ದು ಬಂದಳು. ಬೆಲ್ಲದ ಹೆಂಟೆಯನ್ನು ಚಾವಡಿಯ ಕಲ್ಲಿಗೆ ಕುಟ್ಟಿ ಮುರಿದು, ಒಂದು ಚೂರನ್ನು ಅಂಗೈಯಲ್ಲಿಟ್ಟು ಕಸ್ತೂರಿಯ ಮುಂದೆ ಹಿಡಿದಳು. ಎಲ್ಲರೂ ಹತ್ತಿರ ಸರಿದರು. ನಾನು ಅಂಗಿಯ ಗುಂಡಿ ಹಾಕಿಕೊಂಡೆ. ಅದು ಅದೇ ಅಂಗಿ, ಮಸಿಯ ಬೆರಳ ಗುರುತು ಇನ್ನೂ ಇತ್ತು.

“ತಗೋ ಮಗಳ,” ಎಂದಳು ನೀಲಗಂಗವ್ವ. “ಬಾಯಾಗ ಹಾಕ್ಕೊ, ಇಂಜಿನ್ ಅನ್ನು. ಇನ್ನ ಮ್ಯಾಲ ನೀ ಇಂಜಿನ್ ಕಸ್ತೂರಿ.”

ಕಸ್ತೂರಿ ಬೆಲ್ಲ ನೋಡಿದಳು. ತಿರುಗುತ್ತಿದ್ದ ಎರಡೂ ಗಾಲಿಗಳನ್ನು ನೋಡಿದಳು. ನನ್ನನ್ನು ನೋಡಿದಳು. ಅವಳ ಗದ್ದ ಸ್ವಲ್ಪ ಮೇಲೆದ್ದಿತು. ಆ ಗದ್ದವನ್ನು ಬಲ್ಲ ನಾನು ಎಲ್ಲರಿಗಿಂತ ಮೊದಲೇ ನಕ್ಕುಬಿಟ್ಟೆ.

“ಹುಡುಗ ಬೇಕು,” ಎಂದಳು. “ಬೆಲ್ಲ ಒಲ್ಲೆ.”